ಭರ್ತಿಯಾಗದೆ ಹಾರಿದ ಜೀಪು

ಈತನಕ ನಾನು ವಿಮಾನ ಹತ್ತಿದವನಲ್ಲ. ಹತ್ತಿರದಿಂದ ನೋಡಿದವನೂ ಅಲ್ಲ. ಆದರೂ ಹತ್ತೊಂಬತ್ತು ದಿನ ಒಂದು ಸೋವಿ ವಿಮಾನ ಕಂಪನಿ ನಡೆಸಿದ್ದೇನೆ ಎಂದರೆ ನೀವು ನಗಬಾರದು. ನಗುವವರು ಸೇಡಂನಲ್ಲಿ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ. ಅರ್ಧ ಓದಿದ ಪುಸ್ತಕ ಅರ್ಧ ಬೆಂದ ರೊಟ್ಟಿಗಿಂತ ಕೆಟ್ಟದ್ದು. ರೊಟ್ಟಿ ತಿಂದವನ ಹೊಟ್ಟೆಯನ್ನಷ್ಟೇ ಕೆಡಿಸುತ್ತದೆ. ಪುಸ್ತಕ ನನ್ನ ಹೆಂಡತಿಯ ತಮ್ಮನ ಲಗ್ನವನ್ನೇ ಕೆಡಿಸಲು ಹೊರಟಿತ್ತು.

ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಬೇಸಿಗೆ ರಜೆಯಲ್ಲಿ ಗ್ರಂಥಾಲಯದ ಕಪಾಟು ಝಾಡಿಸುವಾಗ ಒಂದು ಜೀವನಚರಿತ್ರೆ ಕೈಗೆ ಸಿಕ್ಕಿತು. ಮೊದಲಿನ ಮತ್ತು ಕೊನೆಯ ಪುಟಗಳನ್ನು ಗೆದ್ದಲು ತಿಂದಿತ್ತು. ಹೀಗಾಗಿ ಅದು ಯಾರ ಚರಿತ್ರೆ, ಕೊನೆಗೆ ಅವನ ಗತಿ ಏನಾಯಿತು ಎಂಬುದು ಗೆದ್ದಲಿಗಷ್ಟೇ ಗೊತ್ತು. ನಡುವೆ ಉಳಿದದ್ದು ಮಾತ್ರ ಅದ್ಭುತ! ಆ ಪುಣ್ಯಾತ್ಮ ಸೈಕಲ್ ಅಂಗಡಿ ಇಟ್ಟು ಸೋತ, ಐಸ್‌ಕ್ಯಾಂಡಿ ಮಾಡಿ ಸೋತ, ಸೋಲಲು ಇನ್ನೇನೂ ಉಳಿಯದಾಗ ವಿಮಾನ ಕಂಪನಿ ಕಟ್ಟಿದ. ತಲೆಗೆ ರುಮಾಲು ಸುತ್ತಿದವರನ್ನೆಲ್ಲ ಆಕಾಶಕ್ಕೇರಿಸಿದ. ಅವನ ಪ್ರಕಾರ ನೆಲದ ಮೇಲೆ ನಿಂತ ವಿಮಾನ ಎಂದರೆ ಕೊಟ್ಟಿಗೆಯಲ್ಲಿ ಮೇಯುವ ಎತ್ತು. ಟೈಮಾದರೆ ಬಿಡಬೇಕು, ಮಂತ್ರಿ ಓಡಿ ಬಂದರೂ ಬಾಗಿಲು ತೆಗೆಯಬಾರದು. ಓದುತ್ತ ಓದುತ್ತ ನನ್ನ ಮೈ ಜುಮ್ಮೆಂದಿತು. ನನಗೆ ಜುಮ್ಮೆಂದಾಗಲೆಲ್ಲ ಮನೆಯಲ್ಲಿ ಯಾರಿಗಾದರೂ ತೊಂದರೆ ತಪ್ಪಿದ್ದಲ್ಲ.

ಈ ಸಲ ಸಿಕ್ಕವನು ಶರಣಪ್ಪ, ನನ್ನ ಹೆಂಡತಿಯ ತಮ್ಮ. ಸೇಡಂನಿಂದ ಚಂದಾಪುರಕ್ಕೆ ಜೀಪು ಓಡಿಸುತ್ತಾನೆ. ವಯಸ್ಸು ಮೂವತ್ತೆರಡು. ಜೀಪು ಓಡಿಸುವವನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬಂದಿರಲಿಲ್ಲ. ಕಡೆಗೆ ವಾಡಿಯ ಒಂದು ಸಂಬಂಧ ಬಂತು. ಹುಡುಗಿಯ ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಹುಡುಗನ ಧಂದೆ ಹೇಗಿದೆ ಎಂದು ಒಂದು ದಿನ ತಾವೇ ಬಂದು ನೋಡುವುದಾಗಿ ಹೇಳಿಕಳಿಸಿದ್ದರು. ನನ್ನ ಹೆಂಡತಿ ನನಗೇ ಬೆರಳು ತೋರಿಸಿ ಹೇಳಿದಳು: "ನೋಡ್ರಿ, ಇದೊಂದ ಸಂಬಂಧ ಉಳದದ. ನಿಮ್ಮ ಶಾಣ್ಯಾತನ ಇದರಾಗ ತೂರಸಬ್ಯಾಡ್ರಿ, ಕೈ ಮುಗೀತೀನಿ."

ಆದರೆ ಧಂದೆ ತೋರಿಸಬೇಕೆಂದರೆ ಜಾಣತನ ಬೇಡವೇ? ಮರುದಿನವೇ ಜೀಪಿನ ಎರಡೂ ಬದಿಗೆ ರೆಕ್ಕೆ ಬರೆಸಿದೆ. ಹಿಂದೆ 'ಗಗನ' ಎಂದು ಬರೆಸಿದೆ. ಒಬ್ಬರಿಗೆ ಒಂದೇ ಗಂಟು, ಅದೂ ತೊಡೆಯ ಮೇಲೆ; ಕೋಳಿಯಿದ್ದರೆ ಅದೇ ಗಂಟು ಎಂದು ನಿಯಮ ಮಾಡಿದೆ. ಶಾಲೆಯ ಕ್ರೀಡಾಕೂಟದ ಭೋಂಗಾ ಹಿಡಿದು ನಾನೇ ಘೋಷಣೆ ಮಾಡುತ್ತಿದ್ದೆ: "ಗಾಡಿ ಪಂಕ್ಚರ್ ಆದಲ್ಲಿ ಪ್ರಯಾಣಿಕರು ಗಾಬರಿಯಾಗದೆ, ಸಾಲಾಗಿ ಇಳಿದು, ನೂಕತಕ್ಕದ್ದು." ಜೋಳದ ಚೀಲ ಹೊತ್ತ ಒಬ್ಬ ಮುದುಕಿ ನನ್ನ ಮುಖವನ್ನೇ ದಿಟ್ಟಿಸಿ, "ಯಪ್ಪಾ, ಮನ್ಯಾಗ ಹೇಳಿ ಬಂದೀಯೇನು?" ಎಂದು ಕನಿಕರದಿಂದ ಕೇಳಿದಳು.

ಇದನ್ನೆಲ್ಲ ಜನ ಸಹಿಸಿಕೊಂಡರು. ಸಹಿಸದಿದ್ದುದು ಟೈಮು. ನಮ್ಮ ಕಡೆ ಜೀಪು ಬಿಡುವುದು ಗಡಿಯಾರ ನೋಡಿ ಅಲ್ಲ, ಭರ್ತಿ ನೋಡಿ. ಹದಿಮೂರು ಜನ ಒಳಗೆ, ಇಬ್ಬರು ಹಿಂದೆ ಜೋತುಬಿದ್ದರೆ ಭರ್ತಿ. ಹೀಗಾಗಿ ಖಾಲಿ ಜೀಪಿಗೆ ಯಾರೂ ಹತ್ತುವುದಿಲ್ಲ. ಖಾಲಿ ಇದ್ದರೆ ಈಗೇನು ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ಡ್ರೈವರುಗಳು ನಾಲ್ಕೈದು ಗೆಳೆಯರನ್ನು ಸುಳ್ಳು ಪ್ಯಾಸೆಂಜರಾಗಿ ಮೊದಲು ಕೂರಿಸುತ್ತಾರೆ. ಅದು ಮೋಸ ಎಂದು ನಾನು ಆ ಗೆಳೆಯರನ್ನು ಇಳಿಸಿಬಿಟ್ಟೆ. ಎಂಟು ಗಂಟೆ ಎಂದರೆ ಎಂಟಕ್ಕೆ 'ಗಗನ' ಹಾರುತ್ತಿತ್ತು, ನನ್ನೊಬ್ಬನನ್ನೇ ಹೊತ್ತುಕೊಂಡು. ಮಂದಿ ಮಾತ್ರ ಚಹಾದಂಗಡಿಯಲ್ಲಿ ಕುಳಿತು, ಇದು ಡೀಸೆಲ್ ಹಾಕಿಸಲು ಹೋಗಿದೆ, ಬರುತ್ತದೆ ಎಂದು ನಂಬಿ ಕಾಯುತ್ತಿದ್ದರು.

ಹತ್ತೊಂಬತ್ತನೆಯ ದಿನ ಎಂಟಕ್ಕೆ ಎರಡು ನಿಮಿಷವಿತ್ತು. ಶರಣಪ್ಪ ಬೆವರುತ್ತ ಪಿಸುಗುಟ್ಟಿದ: "ಮಾಮಾ, ಹುಡುಗಿ ಅಪ್ಪ ಬಂದಾರ. ಅಲ್ಲಿ ಚಾ ಕುಡ್ಯಾಕತ್ತಾರ ನೋಡ್ರಿ. ಎರಡ ಮಿನಿಟ್ ತಡದು ಬಿಡೋಣ." ನಾನು ಭೋಂಗಾ ಎತ್ತಿ ಕೊನೆಯ ಕರೆ ಕೊಟ್ಟೆ. ಬೀಗರು ಖಾಲಿ ಜೀಪನ್ನು ನೋಡಿದರು, ಇನ್ನೂ ಒಂದು ತಾಸಿನ ಮಾತು ಎಂದುಕೊಂಡರು, ಆರಾಮಾಗಿ ಕೈಯೆತ್ತಿ ಇನ್ನೊಂದು ಚಹಾ ಹೇಳಿದರು. "ಮಂತ್ರಿ ಬಂದರೂ ಬಾಗಿಲು ತೆಗೀಬಾರದು ಅಂತ ಪುಸ್ತಕದಾಗ ಅದ. ಬಿಡು ಗಾಡಿ!" ಎಂದೆ. ಬಿಟ್ಟ. ಕನ್ನಡಿಯಲ್ಲಿ ಒಬ್ಬ ಹಿರಿಯ ಮನುಷ್ಯ ಕೈಯಲ್ಲಿ ಕಪ್ಪು-ಬಸಿ ಹಿಡಿದು, ಚಹಾ ಚೆಲ್ಲುತ್ತ ನಮ್ಮ ಹಿಂದೆ ಓಡಿಬರುವುದು ಕಂಡಿತು. ಅಯ್ಯೋ, ಏನು ಮಾಡಿಬಿಟ್ಟೆ!

ಮಧ್ಯಾಹ್ನ ಮನೆಗೆ ಬಂದರೆ ಅವರು ನಮ್ಮ ಪಡಸಾಲೆಯಲ್ಲೇ ಕುಳಿತಿದ್ದರು. ಹೆಂಡತಿ ನನ್ನತ್ತ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಅವರು ಶರಣಪ್ಪನನ್ನು ಕರೆದು ಕೇಳಿದರು: "ನಾ ಬಂದದ್ದು ನೋಡಿದ್ದಿ?"

"ನೋಡಿದ್ನಿರಿ."

"ಮತ್ಯಾಕ ಬಿಟ್ಟು ಹೋದಿ?"

"ಟೇಮ್ ಆಗಿತ್ರಿ."

ಅವರು ಮೀಸೆಯಡಿ ನಕ್ಕರು. "ಮೂವತ್ತು ವರ್ಷ ಹಸಿರು ಝಂಡಾ ತೋರಸೀನಿ. ಯಾರರೆ ಓಡಿ ಬಂದ್ರ ನನ್ನ ಕೈ ತಡೀತಿತ್ತು. ಹೆಣ್ಣು ಕೊಡೋ ಮಾವನ್ನೇ ಬಿಟ್ಟು ಹೋದಾಂವ ನೀನು! ಮಾತಿಗೆ ನಿಲ್ಲತಿ. ನನ್ನ ಮಗಳನ್ನ ಕೊಡ್ತೀನಿ. ಆದ್ರ ಖಾಲಿ ಗಾಡಿ ಓಡಿಸಿ ಅಕಿಗೇನು ಗಾಳಿ ತಿನಸ್ತಿ? ನಾಳಿಂದ ಭರ್ತಿ ಮಾಡೇ ಬಿಡಬೇಕು. ಲಗ್ನದ ದಿನ ಮಾತ್ರ ಟೇಮಿಗೆ ಸರಿಯಾಗಿ ಬಿಡು, ಸಾಕು." ಹೀಗೆ ನನ್ನ ಕಂಪನಿ ಒಂದೇ ಮಾತಿನಲ್ಲಿ ಮುಚ್ಚಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಲಗ್ನ ಗಟ್ಟಿಯಾದದ್ದು ಯಾರಿಂದ ಎಂದು ಊರ ತುಂಬ ಹೇಳಿಕೊಂಡು ತಿರುಗಿದೆ.

ಲಗ್ನದ ದಿನ ಮುಂಜಾನೆ ಆರಕ್ಕೆ ಸ್ಟ್ಯಾಂಡಿನಿಂದ ವಾಡಿಗೆ ಜೀಪು. ಮದುಮಗ, ಅವನ ಅಕ್ಕ, ಬಳಗವೆಲ್ಲ ಹತ್ತಿ ಕುಳಿತಿತ್ತು. ನಾನು ಹೊಸ ರುಮಾಲು ಸುತ್ತಿಕೊಂಡು ಚಹಾದಂಗಡಿಯಲ್ಲಿದ್ದೆ. ಸಂಸ್ಥಾಪಕನನ್ನು ಬಿಟ್ಟು ಹೋಗುತ್ತಾರೆಯೇ? ನನ್ನ ಹೆಂಡತಿ ಭೋಂಗಾದಲ್ಲಿ ಕೂಗಿದಳು. ನಾನು ಆರಾಮಾಗಿ ಕೈಯೆತ್ತಿದೆ. ಆರು ಬಾರಿಸಿತು, ರೆಕ್ಕೆಯ ಜೀಪು ಧೂಳೆಬ್ಬಿಸಿ ಹೊರಟೇ ಹೋಯಿತು. ಬಸಿ ಹಿಡಿದು ಓಡಿದೆ. ಹೆಂಡತಿ ಹಿಂದೆ ತಿರುಗಿ ಸಹ ನೋಡಲಿಲ್ಲ. ಗೆದ್ದಲು ತಿಂದ ಕೊನೆಯ ಪುಟಗಳಲ್ಲಿ ಆ ಪುಣ್ಯಾತ್ಮನಿಗೂ ಹೀಗೇ ಆಗಿತ್ತೋ ಏನೋ.

ಪಕ್ಕದಲ್ಲಿ ವಾಡಿಗೆ ಹೋಗುವ ಇನ್ನೊಂದು ಜೀಪು ನಿಂತಿತ್ತು. "ಬರ್ರಿ ಸಾಹೇಬ್ರ, ಮುಂದ ಕುಂದ್ರಿ, ಈಗ ಬಿಡೂದೇ!" ಎಂದು ಡ್ರೈವರ್ ಕೈ ಹಿಡಿದು ಕೂರಿಸಿದ. ರುಮಾಲು ಸುತ್ತಿದ ದೊಡ್ಡ ಮನುಷ್ಯ ಮುಂದೆ ಕುಳಿತಿದ್ದರೆ ಮಂದಿ ನಂಬಿ ಹತ್ತುತ್ತಾರಂತೆ. ಅಕ್ಷತೆ ಬೀಳಲು ಎರಡು ತಾಸಿತ್ತು. ಭರ್ತಿಗೆ ಇನ್ನೂ ಹದಿನಾಲ್ಕು ಜನ ಬೇಕಾಗಿತ್ತು.