ಬೀಗರ ಹಿಮರಥಾರೋಹಣ

ಮರ್ಯಾದೆಯೆಂಬುದು ಮನುಷ್ಯನ ನಡತೆಯಲ್ಲಿಲ್ಲ, ಅವನು ಕುಳಿತ ಸಾಲಿನಲ್ಲಿದೆ ಎಂದು ನಂಬಿದ ನಮ್ಮ ಈ ಮಹಾಯುಗಕ್ಕೆ ಮೊದಲ ವಂದನೆ. ಹಿಮಕಿರೀಟಧಾರಿಗಳೂ ಮೇಘೋತ್ತರೀಯಶೋಭಿತರೂ ಆದ ಆಲ್ಪ್ಸ್ ಪರ್ವತರಾಜರಿಗೆ, ಅವರು ಬೇಸರಿಸದಿದ್ದರೆ, ಎರಡನೆಯ ವಂದನೆ. ಇನ್ನು ಗದಗಿನ ಜವಳಿವರ್ತಕಕುಲತಿಲಕರೂ, ಕನ್ಯಾಪಿತೃತ್ವಭಾರನಮಿತಕಂಧರರೂ, ಬಾಡಿಗೆಯ ಕೋಟಿನೊಳಗೆ ಅರ್ಧ ಮುಳುಗಿದವರೂ ಆದ ಈರಬಸಪ್ಪ ಮುನವಳ್ಳಿಯವರು ಆ ಗಿರಿಶಿಖರದಲ್ಲಿ ಮೆರೆದ ಪರಾಕ್ರಮವನ್ನು ಸಜ್ಜನರು ಕೇಳುವಂಥವರಾಗಲಿ.

ಈ ವೀರರು ಹಿಮಕ್ರೀಡೆಗೆ ಪ್ರಸಿದ್ಧವಾದ ಆ ಗ್ರಾಮಕ್ಕೆ ಬಂದದ್ದು ವಿಹಾರಕ್ಕಲ್ಲ, ಪ್ರಾಯಶ್ಚಿತ್ತಕ್ಕೆ. ಹೋದ ವೈಶಾಖದಲ್ಲಿ ಅವರ ಒಬ್ಬಳೇ ಮಗಳು ಶಿವಲೀಲೆಯ ಮದುವೆಯಾಯಿತು. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ವರನ ತಂದೆ, ಲಕ್ಷ್ಮೇಶ್ವರದ ಅರಳೆಮಿಲ್ಲಿನ ಮಾಲೀಕರಾದ ಮಲ್ಲನಗೌಡರ ಎಲೆ ಎರಡನೆಯ ಸಾಲಿನಲ್ಲಿ ಬಿತ್ತು. ಗೌಡರು ಆಗ ಮಾದಲಿಯ ಸಿಹಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ಆದರೆ ಶ್ರಾವಣ ಬಂದಾಗ ಸೊಸೆಯನ್ನು ನಾಗರ ಪಂಚಮಿಗೆ ತವರಿಗೆ ಕಳಿಸಲಿಲ್ಲ. ಮದುವೆಯಾದ ಮೇಲಿನ ಮೊದಲ ಪಂಚಮಿ ಅದು. ಈರಬಸಪ್ಪನವರ ಮನೆಯ ತೊಲೆಗೆ ಕಟ್ಟಿದ ಜೋಕಾಲಿ ಬರಿದೇ ತೂಗಿತು. ತಾಯಿ ಕಟ್ಟಿಟ್ಟ ಶೇಂಗಾದ ಉಂಡೆಗಳು ಡಬ್ಬಿಯಲ್ಲೇ ಮುಗ್ಗಿದವು. ಬಾಳೆಯೆಲೆಯೊಂದು ತುಸು ಹಿಂದೆ ಬಿದ್ದುದಕ್ಕೆ ಹೆಣ್ಣುಮಗಳೊಬ್ಬಳ ತವರಿನ ದಾರಿಯನ್ನೇ ಮುಚ್ಚಬಲ್ಲ ದೊಡ್ಡಸ್ತಿಕೆಯನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ಓದುಗರೇ ನಿರ್ಣಯಿಸಲಿ.

ಬರುವ ಪಂಚಮಿಗಾದರೂ ಮಗಳು ಬರಲೆಂದು ಈರಬಸಪ್ಪನವರು ಬೀಗರನ್ನು ಸಕುಟುಂಬವಾಗಿ ಯುರೋಪ್ ಪ್ರವಾಸಕ್ಕೆ ಕರೆತಂದಿದ್ದರು. ವಿಮಾನದಲ್ಲಿ ಮುಂದಿನ ಸಾಲು, ಬಸ್ಸಿನಲ್ಲಿ ಮುಂದಿನ ಸೀಟು, ತಂತಿಯ ಮೇಲೆ ತೂಗಾಡುತ್ತ ಏರುವ ಗಾಜಿನ ಡಬ್ಬಿಯಲ್ಲಿ ಮುಂದಿನ ಕಿಟಕಿ, ಎಲ್ಲೆಲ್ಲೂ ಗೌಡರೇ ಮುಂದೆ. ಪ್ರತಿ ಸಲವೂ ಈರಬಸಪ್ಪ ಆಸೆಯಿಂದ ಗೌಡರ ಮುಖ ನೋಡಿದರು. ಮಂಗನ ಟೊಪ್ಪಿಗೆಯೊಳಗಿನ ಆ ಗಂಭೀರವದನದಲ್ಲಿ ಪಂಚಮಿಯ ಸುಳಿವೇ ಕಾಣಲಿಲ್ಲ.

ಹೀಗಿರಲು ಪ್ರವಾಸದ ಕೊನೆಯ ದಿನ ಉಭಯವೀರರೂ ಒಂದು ಧವಳಶಿಖರವನ್ನು ಏದುಸಿರಿನಿಂದ ಏರಿ ನಿಂತರು. ಅವರ ಎದುರಿಗಿತ್ತು ಸ್ಲೆಜ್ ಎಂಬ ರಥ: ಚಕ್ರವಿಲ್ಲ, ಕುದುರೆಯಿಲ್ಲ, ಒಬ್ಬರ ಹಿಂದೊಬ್ಬರು ಇಬ್ಬರು ಕೂಡುವಷ್ಟು ಮರದ ಹಲಗೆ, ಹಿಡಿಯಲು ಒಂದು ಹಗ್ಗ. ಪಕ್ಕದಲ್ಲಿ ಶಿವಲೀಲೆ ನಿಂತಿದ್ದಳು. ಕೆಳಗೆ ಅಳಿಯದೇವರು ಮೊಬೈಲ್ ಎತ್ತಿ ಹಿಡಿದಿದ್ದರು. ಜಾರುವುದಕ್ಕಿಂತ ಜಾರಿದ್ದನ್ನು ಊರಿಗೆ ತೋರಿಸುವುದೇ ಈ ಕಾಲದ ವಿಹಾರವಷ್ಟೆ.

ಈರಬಸಪ್ಪ ಕೈಜೋಡಿಸಿದರು. "ಬೀಗರ, ನೀವ ಮುಂದ ಕುಂದರ್ರಿ."

ಗೌಡರು ರಥವನ್ನು ದೀರ್ಘವಾಗಿ ಅವಲೋಕಿಸಿದರು. "ಮುಂದ ಕುಂದ್ರಾಂವ ಡ್ರೈವರ್ ಅಲ್ಲೇನ್ರಿ? ನಮ್ಮ ಮಿಲ್ಲಿನ ಕಾರಿನ್ಯಾಗ ನಾ ಎಂದೂ ಮುಂದ ಕುಂತಾಂವಲ್ಲ."

"ತಪ್ಪಾತ್ರಿ. ಹಂಗಾರ ಹಿಂದ ಕುಂದರ್ರಿ."

"ಹಿಂದ?" ಗೌಡರ ಧ್ವನಿ ಆ ಹಿಮಕ್ಕಿಂತ ತಣ್ಣಗಾಯಿತು. "ಲಗ್ನದಾಗ ಹಿಂದ ಕುಂಡ್ರಿಸಿದ್ದು ಸಾಲಲಿಲ್ಲೇನ್ರಿ ನಿಮಗ?"

ಈರಬಸಪ್ಪ ಲೆಕ್ಕ ಹಾಕಿದರು. ಮುಂದೆ ಕೂಡಿಸಿದರೆ ಬೀಗ ಸಾರಥಿ, ಹಿಂದೆ ಕೂಡಿಸಿದರೆ ಮತ್ತೆ ಎರಡನೆಯ ಸಾಲು; ಎರಡರಲ್ಲಿ ಯಾವುದಾದರೂ ಮಗಳ ಜೋಕಾಲಿಯ ಹಗ್ಗ ಹರಿದಂತೆಯೇ. ಅಷ್ಟರಲ್ಲಿ ಗೌಡರು ತಮ್ಮ ಪ್ರತಾಪವನ್ನು ದಿಕ್ಕುಗಳಿಗೆ ಸಾರತೊಡಗಿದ್ದರು: ತಾವು ಒಂದೇ ಕೆಮ್ಮಿನಿಂದ ಅರಳೆಯ ಪೇಟೆಯನ್ನು ಸ್ತಬ್ಧಗೊಳಿಸಿದವರೆಂದೂ, ಇಂಥ ಬಿಳುಪಿನ ರಾಶಿಗಳನ್ನು ತಮ್ಮ ಗೋದಾಮಿನಲ್ಲಿ ಹುಟ್ಟಿದಾಗಿನಿಂದ ತುಳಿದವರೆಂದೂ, ಇಲ್ಲಿಯದು ಅರಳೆಗಿಂತ ತುಸು ಹಸಿ ಎಂಬುದಷ್ಟೇ ವ್ಯತ್ಯಾಸವೆಂದೂ ನುಡಿದರು. ಈರಬಸಪ್ಪನವರಿಗೂ ಎಲ್ಲೋ ರಕ್ತ ಕುದಿಯಿತು. ದೀಪಾವಳಿಯ ಗಿರಾಕಿಗಳ ಅಕ್ಷೌಹಿಣಿಯನ್ನು ಅಳತೆಯ ಕೋಲೊಂದರಿಂದಲೇ ತಡೆದು ನಿಲ್ಲಿಸಿದವರು ತಾವೆಂದೂ, ಹಿಂದಕ್ಕೆ ಸರಿದದ್ದು ಮಗಳ ಮುಖ ನೋಡಿ ಮಾತ್ರವೆಂದೂ ಅವರು ಸವಿನಯವಾಗಿ ಘರ್ಜಿಸಿದರು.

"ಲಗೂನ ಕುಂದರ್ರಿ ಅಪ್ಪಾರ, ಬ್ಯಾಟರಿ ಮುಗಿಯಾಕ ಬಂತು" ಎಂದು ಕೆಳಗಿನಿಂದ ಅಳಿಯದೇವರ ವಾಣಿ ಕೇಳಿಸಿತು.

ಕೊನೆಗೆ ಯಾವ ನೀತಿಶಾಸ್ತ್ರವೂ ಕಾಣದ ಸಂಧಿಸೂತ್ರವೊಂದು ಈರಬಸಪ್ಪನವರಿಗೆ ಹೊಳೆಯಿತು. ರಥದ ಮೇಲೆ ಅಡ್ಡವಾಗಿ, ಭುಜಕ್ಕೆ ಭುಜ ತಾಗಿಸಿ ಕುಳಿತರೆ ಮುಂದಿನವರೂ ಇಲ್ಲ, ಹಿಂದಿನವರೂ ಇಲ್ಲ. ಗೌಡರು ಇದರಲ್ಲಿ ಕುಂದು ಹುಡುಕಿ ಕಾಣದೆ ಒಪ್ಪಿದರು. ಮದುವೆಯ ಹಂದರದ ಜಮಖಾನೆಯ ಮೇಲೆ ಕೂಡುವಂತೆ ಉಭಯವೀರರೂ ಅಡ್ಡಲಾಗಿ ಆಸೀನರಾದರು. ಈರಬಸಪ್ಪ ಮನೆದೇವರನ್ನು ನೆನೆದು ಹಿಮ್ಮಡಿಯಿಂದ ನೆಲವನ್ನು ಒದ್ದರು.

ಗಿರಿಗಳು ನಡುಗಿದವೋ ಇಲ್ಲವೋ ತಿಳಿಯದು. ರಥ ಮಾತ್ರ ಮೊಳದಷ್ಟು ಸರಿದು ಮಗುಚಿತು. ಅರಳೆಯ ಮೂಟೆ ಉರುಳಿದಂತೆ ಗೌಡರೂ, ಬಟ್ಟೆಯ ಥಾನು ಬಿಚ್ಚಿದಂತೆ ಈರಬಸಪ್ಪನವರೂ ಹಿಮದಲ್ಲಿ ಪವಡಿಸಿದರು.

ಆಗ ಶಿವಲೀಲೆ ಮುಂದೆ ಬಂದಳು. ಸೀರೆಯ ಮೇಲೆ ತೊಟ್ಟ ದಪ್ಪ ಕೋಟಿನ ಗುಂಡಿಗಳನ್ನು ಹಾಕಿಕೊಂಡಳು, ಮಗುಚಿದ ಬಂಡಿಯನ್ನು ಎತ್ತಿ ನೇರ ಇಟ್ಟಳು, ಅದರ ನಟ್ಟನಡುವೆ ಕುಳಿತು ಹಗ್ಗ ಹಿಡಿದಳು.

"ಮಾವಾರ, ಬರೂ ಪಂಚಮಿಗೆ ನಾ ಗದಗಿಗೆ ಹೊಂಟೀನ್ರಿ. ಕೇಳಾಕತ್ತಿಲ್ರಿ, ತಿಳಿಸಾಕತ್ತೀನಿ. ಅಪ್ಪಾ, ನೀನೂ ಇನ್ನ ಯಾರ ಮುಂದನೂ ಕೈ ಜೋಡಿಸಬ್ಯಾಡ."

ಹೀಗೆಂದವಳು ನೆಲವನ್ನು ಮೆಲ್ಲನೆ ಒದ್ದು, ಒಂದು ಕೂಗೂ ಇಲ್ಲದೆ, ನೇರವಾಗಿ ಜಾರಿ ಹೋದಳು. ಕೆಳಗಿದ್ದ ಗಂಡ ಮೊಬೈಲ್ ಬಿಟ್ಟು ದಾರಿ ಬಿಡಬೇಕಾಯಿತು.

ಇಬ್ಬರೂ ಹಿಮದಲ್ಲೇ ಸಾವರಿಸಿಕೊಂಡು ಕುಳಿತರು; ಗೌಡರ ಕಣ್ಣು ಬಂಡಿ ಕೊರೆದುಹೋದ ಗೆರೆಯ ಮೇಲಿತ್ತು. "ಆಕಿ ಮುಂದ ಕುಂತಿದ್ದಳೋ, ಹಿಂದೋ?"

"ಒಬ್ಬಾಕೀನ ಕುಂತಿದ್ದಳ್ರಿ ಬೀಗರ" ಎಂದರು ಈರಬಸಪ್ಪ, ಮೂಗಿನ ಮೇಲಿನ ಹಿಮ ಒರೆಸಿಕೊಳ್ಳುತ್ತ. "ಮುಂದೂ ಆಕೀನ, ಹಿಂದೂ ಆಕೀನ."

ಸೊಸೆಯ ಪಂಚಮಿಗೂ ಗೌಡರು ಇಲ್ಲವೆನ್ನಲಿಲ್ಲ. ಇಷ್ಟು ದಿನ ಮುಂದಿನ ಸೀಟುಗಳನ್ನೆಲ್ಲ ಕೊಟ್ಟೂ ದೊರೆಯದ ಪಂಚಮಿ ಹೀಗೆ ಬಿದ್ದಲ್ಲೇ ಕೈಗೂಡಿತೆಂದು ತಿಳಿದು ಈರಬಸಪ್ಪನವರ ಕಣ್ಣುಗಳು ಒದ್ದೆಯಾದವು. ಆ ನೀರಿನಲ್ಲೇ ಅವರು ಮೊದಲ ಬಾರಿಗೆ ತಾವೇರಿದ ಮಹಾಶಿಖರವನ್ನು ಸರಿಯಾಗಿ ನೋಡಿದರು. ಅದು ಹೋಟೆಲಿನವರು ಅಂಗಳದ ಹಿಮವನ್ನು ಬಳಿದು ಅಡುಗೆಮನೆಯ ಹಿಂದೆ ಒಟ್ಟಿದ ದಿಬ್ಬ; ಎತ್ತರ ಎಂದರೆ ಅವರ ಅಂಗಡಿಯ ಕಪಾಟಿನಷ್ಟು. ಹಾಲುಹಲ್ಲಿನ ಕೂಸುಗಳು ಬೆಳಗಿನಿಂದ ಅದರ ಮೇಲೆ ಜಾರಿ, ಬೇಸರ ಬಂದು ಬೇರೆಡೆಗೆ ಹೋಗಿದ್ದವು.

ಚಹಾದ ಹೊತ್ತಾಯಿತೆಂದು ಬೀಗಿತಿಯರಿಬ್ಬರೂ ಹೋಟೆಲಿನ ಬಾಗಿಲಲ್ಲಿ ನಿಂತು ಕೂಗಿದರು. ಪಂಕ್ತಿಯಲ್ಲಿ ಹಿರಿಯರು ಏಳದೆ ತಾನು ಏಳಬಾರದೆಂಬುದು ಈರಬಸಪ್ಪ ಚಿಕ್ಕಂದಿನಲ್ಲಿ ಕಲಿತ ಪಾಠ. ಬೀಗರು ಬಂದು ಕೈಹಿಡಿದು ಎಬ್ಬಿಸದೆ ತಾವು ಏಳಬಾರದೆಂಬುದು ಗೌಡರು ಕಲಿತದ್ದು.

"ಬೀಗರ, ನೀವ ಮೊದಲ ಏಳ್ರಿ" ಎಂದರು ಈರಬಸಪ್ಪ.

ಹಿಮ ಬೀಳತೊಡಗಿತು, ಇಬ್ಬರೂ ಕುಳಿತೇ ಇದ್ದರು.