ಕೋಟೆ ಬಾಗಿಲಿಗೆ ಒಂದು ಅರ್ಜಿ

ನನಗೆ ಅಭಿಪ್ರಾಯಗಳೇ ಇಲ್ಲವೆಂದು ಯಾರೂ ತಿಳಿಯಬಾರದು. ಬೇಕಾದಷ್ಟಿವೆ. ಅವನ್ನು ಹೊರಗೆ ಬಿಡುವ ಅಭ್ಯಾಸ ಮಾತ್ರ ಇಲ್ಲ. ಇದು ಹುಟ್ಟುಗುಣವಲ್ಲ, ಕಷ್ಟಪಟ್ಟು ಕಲಿತ ವಿದ್ಯೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮೈಸೂರಿನಿಂದ ಮುಂಬಯಿಗೆ ಬಂದು, ಪರೇಲಿನ ಒಂದು ಬಣ್ಣದ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದಾಗ ಅಲ್ಲಿದ್ದ ಹೆಡ್‌ಕ್ಲಾರ್ಕು ನನಗೆ ಹೇಳಿಕೊಟ್ಟ ಮೊದಲ ಪಾಠವೆಂದರೆ, ಟಿಪ್ಪಣಿ ಬರೆದವನ ಮನಸ್ಸಿನಲ್ಲಿ ಏನಿದೆ ಎಂಬುದು ಟಿಪ್ಪಣಿ ಓದಿದವನಿಗೆ ಗೊತ್ತಾಗಕೂಡದು ಎಂಬುದು. ಗೊತ್ತಾದರೆ ನಾಳೆ ಅದು ತಪ್ಪಾದಾಗ ಹಿಡಿಯುವುದಕ್ಕೆ ಒಂದು ಜುಟ್ಟು ಸಿಕ್ಕಂತಾಗುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅನ್ನುತ್ತಾರಲ್ಲ, ನಾನು ಮೂವತ್ತು ವರ್ಷ ಆ ದೀಪಕ್ಕೆ ಎಣ್ಣೆ ಹಾಕಿಕೊಂಡೇ ಬದುಕಿದವನು. ನನ್ನ ಟಿಪ್ಪಣಿಗಳೆಲ್ಲ 'ಫಾರ್ ಕೈಂಡ್ ಆರ್ಡರ್ಸ್' ಎಂದು ಮುಗಿಯುತ್ತಿದ್ದವು. ಮನೆಯಲ್ಲೂ ಅದೇ ಕತೆ. ಹುಳಿಗೆ ಉಪ್ಪು ಸಾಕೇ ಎಂದು ನನ್ನ ಹೆಂಡತಿ ಲಲಿತ ಕೇಳಿದರೆ, ನೋಡಬಹುದು ಎನ್ನುತ್ತಿದ್ದೆ. ಅವಳು ಈಗ ಕೇಳುವುದನ್ನು ಬಿಟ್ಟಿದ್ದಾಳೆ.

ಇಂಥ ನನಗೆ ಐವತ್ತೊಂದನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಬಂದು ಗಂಟುಬಿದ್ದಿತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಆಜ್ಞೆ ಹೊರಟಿತು. ಐವತ್ತು ದಾಟಿದ ಗುಮಾಸ್ತರೆಲ್ಲ ಒಂದು ತಿಂಗಳಲ್ಲಿ ಕಂಪ್ಯೂಟರ್ ಕಲಿಯಬೇಕು, ಕೊನೆಗೆ ಒಂದು ಪುಟದ ಟಿಪ್ಪಣಿಯನ್ನು ಅದರಲ್ಲೇ ತಯಾರಿಸಿ ದೊಡ್ಡ ಸಾಹೇಬರಿಗೆ ಒಪ್ಪಿಸಬೇಕು. ಪಾಸಾದವರು ಪರೇಲಿನಲ್ಲಿ ಉಳಿಯುತ್ತಾರೆ, ಆಗದವರಿಗೆ ಜೋಗೇಶ್ವರಿಯ ಗೋಡೌನು. ಗೋಡೌನೆಂದರೆ ಹಳೆಯ ಫೈಲುಗಳು, ಖಾಲಿ ಡಬ್ಬಗಳು ಮತ್ತು ಯಾರಿಗೂ ಬೇಡವಾದ ಗುಮಾಸ್ತರು ಒಟ್ಟಿಗೆ ಧೂಳು ಹಿಡಿಯುವ ಜಾಗ. ಸುದ್ದಿ ಕೇಳಿದ ಲಲಿತ, "ಒಳ್ಳೇದೇ ಆಯ್ತಲ್ರೀ, ಕಾಂದಿವಲಿಯಿಂದ ಮೂರೇ ಸ್ಟೇಷನ್ನು" ಎಂದಳು. ನ್ಯಾಯವಾಗಿ ನೋಡಿದರೆ ಅವಳದ್ದೇ ಸರಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಮೊದಲೇ ಹೊರಟು, ಎಂಟು ಹನ್ನೆರಡರ ಲೋಕಲ್ಲಿಗೆ ನೇತುಬಿದ್ದು, ಎಲ್ಫಿನ್‌ಸ್ಟನ್ ರೋಡಿನಲ್ಲಿ ಜನ ನೂಕಿದ ಕಡೆ ಇಳಿದು, ಸೇತುವೆ ದಾಟಿ ಆಫೀಸು ಸೇರುವ ಸುಖ ಯಾರಿಗೆ ಬೇಕು? ಆದರೆ ನಾನು ಮೂವತ್ತು ವರ್ಷ ಟ್ರೇನಿನಲ್ಲಿ ನಿಂತದ್ದೇ ಆಫೀಸಿನ ಕುರ್ಚಿಯಲ್ಲಿ ಕೂರುವುದಕ್ಕಾಗಿ. ಅದಕ್ಕೆ ಎರಡು ಕೈಗಳಿದ್ದವು. ನಮ್ಮಲ್ಲಿ ಕೈಯಿರುವ ಕುರ್ಚಿ ಹೆಡ್‌ಕ್ಲಾರ್ಕಿಗೆ ಮಾತ್ರ. ಆ ಕುರ್ಚಿ ಹೋದರೆ ನಾನು ಯಾರು ಎಂಬುದು ನನಗೇ ಗೊತ್ತಾಗದೆಂದು ಹೆದರಿಕೆಯಾಯಿತು. ಇದನ್ನೆಲ್ಲ ಲಲಿತಳಿಗೆ ಹೇಳಲಿಲ್ಲ, ನೋಡೋಣ ಎಂದೆ.

ಕಲಿಸುವವಳು ಮಿಸ್ ಸಾಠೆ ಎಂಬ ಹುಡುಗಿ, ವಯಸ್ಸಿನಲ್ಲಿ ನನ್ನ ಅರ್ಧ. ಕಂಪ್ಯೂಟರ್ ಕೋಣೆಗೆ ದೇವರ ಮನೆಯ ಮಡಿ. ಷೂ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮೊದಲ ದಿನವೇ ನನ್ನ ಬಲಗಾಲಿನ ಹೆಬ್ಬೆರಳು ಕಾಲುಚೀಲದಿಂದ ಹೊರಗಿಣುಕಿ ಇಡೀ ವಿಭಾಗದ ಪರಿಚಯ ಮಾಡಿಕೊಂಡಿತು. ಕೀಲಿಗಳ ಮೇಲೆ ಬೆರಳಿಡಲು ನಾನು ಹಿಂಜರಿಯುವುದನ್ನು ನೋಡಿ ಮಿಸ್ ಸಾಠೆ, ಘಾಬರೂ ನಕಾ ಮೂರ್ತಿ ಸಾಹೇಬ್ ಎಂದು ಧೈರ್ಯ ಹೇಳಿ, ತನ್ನ ಅಣ್ಣನ ಫ್ಲಾಪಿಗಳಿಂದ ಎರಡು ಆಟಗಳನ್ನು ಯಂತ್ರಕ್ಕೆ ಹಾಕಿದಳು. ಊಟದ ಬಿಡುವಿನಲ್ಲಿ ಇವನ್ನು ಆಡಿ, ಭಯ ತಾನಾಗಿ ಹೋಗುತ್ತದೆ ಎಂದಳು. ಎರಡೂ ರಾಜರು, ರಾಕ್ಷಸರು, ಮಂತ್ರವಾದಿಗಳ ಆಟಗಳೇ. ಆಡುವವನು ಯಾವುದೋ ವೀರನ ವೇಷ ಹಾಕಿಕೊಂಡು ಒಳಗೆ ಹೋಗಬೇಕು. ವೇಷ ಹಾಕುವುದು ನನಗೆ ಹೊಸದಲ್ಲ, ಹೆಡ್‌ಕ್ಲಾರ್ಕಿನ ವೇಷದಲ್ಲೇ ಎಷ್ಟೋ ವರ್ಷಗಳಿಂದ ಇದ್ದೆ.

ಮೊದಲನೆಯ ಆಟದಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಕಪ್ಪು ಪರದೆಯ ಮೇಲೆ ಹಸಿರು ಇಂಗ್ಲಿಷಿನಲ್ಲಿ, ನೀನು ಕಳೆದುಹೋದ ಕಿರೀಟವನ್ನು ಹುಡುಕಲು ಹೊರಟ ವೀರ, ಎದುರಿಗೆ ಕಲ್ಲಿನ ಕೋಟೆ, ಬಾಗಿಲ ಹಿಂದೆ ಒಬ್ಬ ದೈತ್ಯ ಮಲಗಿದ್ದಾನೆ, ಏನು ಮಾಡುತ್ತೀ ಎಂದು ಕೇಳಿತು. ಕೇಳಿದ್ದಕ್ಕೆ ಟೈಪು ಮಾಡಿ ಉತ್ತರ ಕೊಡಬೇಕು. ಪತ್ರವ್ಯವಹಾರವೆಂದರೆ ನನಗೆ ನೀರು ಕುಡಿದಷ್ಟು ಸುಲಭ. 'ಕೈಂಡ್ಲಿ ಓಪನ್ ದ ಗೇಟ್ ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯೆನ್ಸ್' ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. 'ಕೈಂಡ್ಲಿ' ಎಂಬ ಶಬ್ದ ನನಗೆ ಗೊತ್ತಿಲ್ಲ ಎಂದಿತು ಯಂತ್ರ. ಈ ಆಫೀಸಿನ ಬಗ್ಗೆ ನನಗೆ ಮೊದಲಿಂದಲೂ ಇದ್ದ ಸಂಶಯವನ್ನು ಹೀಗೆ ಬಾಯಿಬಿಟ್ಟು ಹೇಳಿದವರು ಯಾರೂ ಇರಲಿಲ್ಲ. 'ವಿತ್ ರೆಫರೆನ್ಸ್ ಟು ದ ಗೇಟ್ ಸೈಟೆಡ್ ಅಬವ್' ಎಂದು ಇನ್ನೊಂದು ರೀತಿ ಶುರುಮಾಡಿದೆ. 'ವಿತ್' ಕೂಡ ಅದಕ್ಕೆ ಗೊತ್ತಿರಲಿಲ್ಲ. ಮೂರು ದಿನ, ಮೂರು ಬಿಡುವು, ನಾನು ಬಾಗಿಲ ಹೊರಗೇ ನಿಂತು ಅರ್ಜಿ ಕೊಡುತ್ತಲೇ ಇದ್ದೆ.

ನಾಲ್ಕನೆಯ ದಿನ ಸದಾನಂದ ಒಳಗೆ ಬಂದ. ಅವನು ನಮ್ಮ ಕ್ಯಾಂಟೀನಿನ ಕಂಟ್ರಾಕ್ಟರು, ಉಡುಪಿಯ ಕಡೆಯವನು, ಹೋಟೆಲಿನಲ್ಲಿ ದುಡಿಯುತ್ತ ನೈಟ್ ಸ್ಕೂಲಿನಲ್ಲಿ ಏಳನೇ ಕ್ಲಾಸು ಮುಗಿಸಿದವನು. ದಿನಾ ಹನ್ನೆರಡೂವರೆಗೆ ಯಾರ್ಯಾರಿಗೆ ಏನು ಊಟ ಎಂದು ಕೇಳಿಕೊಂಡು ಹೋಗುವುದು ಅವನ ಪದ್ಧತಿ. ಏಸಿಯ ತಂಪಿಗೆ ಕಂಪ್ಯೂಟರ್ ಕೋಣೆಯಲ್ಲಿ ಐದು ನಿಮಿಷ ಹೆಚ್ಚೇ ನಿಲ್ಲುತ್ತಿದ್ದ. ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡಿದವನು, "ಎಂತ ಮೂರ್ತಿಗಳೇ, ಬಾಗಿಲು ತೆಗೀಲಿಕ್ಕೆ ಇಷ್ಟುದ್ದ ಅರ್ಜಿಯಾ? ನಮ್ಮ ಸಪ್ಲೈಯರು ಅಡುಗೆಕೋಣೆಗೆ ಹೀಗೆ ಆರ್ಡರು ಕೊಟ್ರೆ ಗಿರಾಕಿ ಎದ್ದು ಹೋಗ್ತಾನೆ ಮಾರಾಯ್ರೆ. ಎರಡು ಶಬ್ದ ಸಾಕು" ಎಂದ. ಗೇಟ್ ಓಪನ್ ಎಂದು ಹೊಡೆಯಲು ಹೇಳಿದ. ಹೊಡೆದೆ. ಆಗಲಿಲ್ಲ. ಒಂದು ಗಳಿಗೆ ಯೋಚಿಸಿ, ಇದು ಕನ್ನಡದ್ದಲ್ಲ, ತಿರುಗಿಸಿ ಹೇಳಿ ಎಂದ. 'ಓಪನ್ ಗೇಟ್' ಎಂದು ಹೊಡೆದೆ. ಬಾಗಿಲು ಕಿರುಗುಡುತ್ತ ತೆರೆಯಿತೆಂದು ಪರದೆ ಸಾರಿತು. ಅಷ್ಟೇ ಅಲ್ಲ, ದೈತ್ಯ ಎಚ್ಚರಗೊಂಡು ನನ್ನನ್ನು ತಿಂದನೆಂದೂ ಸಾರಿತು.

ಸತ್ತಿದ್ದಕ್ಕೆ ಬೇಸರವಾಗಬೇಕಿತ್ತು, ಆದರೆ ಒಳಗೆ ಹೋದೆನಲ್ಲ ಎಂಬ ಸಂತೋಷವೇ ಹೆಚ್ಚಾಯಿತು. ಸದಾನಂದ ಮಾತ್ರ ದೈತ್ಯನ ಪರ ವಹಿಸಿದ. ಹಸಿದು ಎದ್ದವನ ಎದುರಿಗೆ ಬರಿಗೈಲಿ ಹೋದರೆ ಇನ್ನೇನಾದೀತು, ಮೊದಲು ಅವನಿಗೆ ತಿನ್ನಲು ಕೊಡಿ ಎಂದ. ಮರುದಿನ ಆಟದ ವೀರನ ಜೋಳಿಗೆಯಲ್ಲಿದ್ದ ರೊಟ್ಟಿಯನ್ನು ಕೊಟ್ಟೆ, 'ಗಿವ್ ಬ್ರೆಡ್', ಅಷ್ಟೇ. ದೈತ್ಯ ತಿಂದು, ತೇಗಿ, ದಾರಿಬಿಟ್ಟ. ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. ಆಮೇಲೆ ದಿನಾ ಹನ್ನೆರಡೂವರೆಗೆ ನಾವಿಬ್ಬರೂ ಆ ಕೋಟೆಯಲ್ಲಿ ಒಂದೊಂದು ಕೋಣೆ ಮುಂದೆ ಹೋದೆವು. ಸುಳ್ಳು ಹೇಳುವ ಕನ್ನಡಿ, ಕೊಳದಲ್ಲಿ ಮುಳುಗಿದ ಗಂಟೆ, ಹಾಡಿದರೆ ಮಾತ್ರ ಕಾಣುವ ಮೆಟ್ಟಿಲು, ಒಂದನ್ನೂ ಕಣ್ಣಿಗೆ ತೋರಿಸದೆ ಎಲ್ಲವನ್ನೂ ಕಾಣಿಸುತ್ತಿತ್ತು ಆ ಆಟ. ಬರೀ ಅಕ್ಷರದಲ್ಲಿ ಅಷ್ಟು ದೊಡ್ಡ ಕೋಟೆ ಕಟ್ಟಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ನಾನೂ ಬರೀ ಅಕ್ಷರದಲ್ಲೇ ಜೀವನ ಕಳೆದವನು, ಒಂದು ಗುಡಿಸಲನ್ನೂ ಕಟ್ಟಿರಲಿಲ್ಲ.

ಎರಡನೆಯ ಆಟದ ವೈಭವವೇ ಬೇರೆ. ಅದರಲ್ಲಿ ಕಾಡು, ಊರು, ಸುರಂಗಗಳ ಚಿತ್ರವಿತ್ತು, ಒಬ್ಬನ ಬದಲು ನಾಲ್ವರ ತಂಡವಿತ್ತು. ಏನನ್ನೂ ಬರೆಯುವ ಗೋಜಿಲ್ಲ. ಹೊಡೆ, ಓಡು, ಮಾತಾಡು, ಮಂತ್ರ ಹಾಕು ಎಂಬ ಮೆನು ಬರುತ್ತದೆ, ಆರಿಸಿದರಾಯಿತು. ತಂಡದವರಿಗೆ ನಾವೇ ಹೆಸರಿಡಬೇಕು. ಯೋಧನಿಗೆ ಸದಾನಂದನ ಹೆಸರನ್ನೂ, ಪೂಜಾರಿಣಿಗೆ ಲಲಿತಳ ಹೆಸರನ್ನೂ, ಮಂತ್ರವಾದಿಗೆ ನನ್ನದನ್ನೂ ಇಟ್ಟೆ. ನಾಲ್ಕನೆಯವನು ಕಳ್ಳ. ಅವನಿಗೆ ಯಾರ ಹೆಸರಿಟ್ಟರೂ ನಾಳೆ ತಕರಾರು ಬಂದೀತೆಂದು ಹೆದರಿ, 'ಟೆಂಪರರಿ' ಎಂದು ಬರೆದೆ. ಕೊನೆಗೆ ಎಲ್ಲ ಬೀಗ ತೆಗೆದವನೂ, ಎಲ್ಲರಿಗಿಂತ ಹೆಚ್ಚು ಏಟು ತಿಂದವನೂ ಆ ಟೆಂಪರರಿಯೇ. ಆ ಆಟದಲ್ಲಿ ನನ್ನನ್ನು ಮರುಳು ಮಾಡಿದ್ದು ಅದರ ಪ್ರಮೋಷನ್ ಪದ್ಧತಿ. ಹತ್ತು ಹೆಗ್ಗಣ ಕೊಂದರೆ ಸಾಕು, ತುತ್ತೂರಿ ಊದಿ ಅಲ್ಲೇ ಒಂದು ದರ್ಜೆ ಮೇಲೇರಿಸುತ್ತಿದ್ದರು. ಸೀನಿಯಾರಿಟಿ ಲಿಸ್ಟಿಲ್ಲ, ಗುಟ್ಟಿನ ವರದಿಯಿಲ್ಲ. ನನಗೆ ಹೆಡ್‌ಕ್ಲಾರ್ಕು ಆಗಲು ಹತ್ತೊಂಬತ್ತು ವರ್ಷ ಹಿಡಿದಿತ್ತು. ಇಲ್ಲಿ ಒಂದೇ ಬಿಡುವಿನಲ್ಲಿ ಮೂರು ಸಲ ಮೇಲೇರಿದೆ, ಆ ಮಧ್ಯಾಹ್ನವಿಡೀ ಆಫೀಸಿನಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ.

ಸದಾನಂದನಿಗೆ ಈ ಆಟ ಹಿಡಿಸಲಿಲ್ಲ. ತನ್ನ ಹೆಸರಿನ ಯೋಧ ದರ್ಜೆಯ ಮೇಲೆ ದರ್ಜೆ ಏರಿದರೂ ಅವನ ಮನಸ್ಸು ಕರಗಲಿಲ್ಲ. "ನಾಲ್ಕು ಜನ ಮೂರು ದಿನದಿಂದ ಕಾಡಲ್ಲಿ ನಡೀತಾ ಇದ್ದಾರೆ, ಒಬ್ಬನಿಗೂ ಒಂದು ಚಾ ಇಲ್ಲ. ಇದೆಂತ ಲೋಕ?" ಎಂದ. ಮೊದಲನೆಯ ಆಟದಲ್ಲಾದರೆ ವೀರನಿಗೆ ಹಸಿವಾಗುತ್ತಿತ್ತು, ತಿನ್ನದಿದ್ದರೆ ತಲೆಸುತ್ತಿ ಬೀಳುತ್ತಿದ್ದ. ಅದನ್ನು ಮಾಡಿದವನಿಗೆ ಬದುಕು ಗೊತ್ತಿದೆ ಎಂಬುದು ಅವನ ವಾದ. ಇನ್ನು ಮೆನು ಎಂದರೆ ಅವನಿಗೆ ನಗು. ಜೀವನವೆಲ್ಲ ಮೆನು ಕೊಟ್ಟವನಿಗೆ ಮೆನು ತೋರಿಸಬೇಡಿ, ಅದರಲ್ಲಿ ಇಲ್ಲದ್ದನ್ನು ಕೇಳುವ ಗಿರಾಕಿಯೇ ನಿಜವಾದ ಗಿರಾಕಿ ಎನ್ನುತ್ತಿದ್ದ. ನಾನು ಮೆನುವಿನ ಪರ. ಇರುವುದರಲ್ಲಿ ಒಂದನ್ನು ಆರಿಸಿದರೆ ತಪ್ಪಾದರೂ ನಮ್ಮ ತಪ್ಪಲ್ಲ, ಮೆನು ಬರೆದವನದ್ದು. ಹೀಗೆ ದಿನಾ ಜಗಳ, ದಿನಾ ಊಟ ತಣ್ಣಗಾಗುತ್ತಿತ್ತು. ಆದರೆ ಕೋಟೆಯ ಮುಂದಿನ ಕೋಣೆ ನೋಡಲು ಇಬ್ಬರೂ ತಪ್ಪದೆ ಸೇರುತ್ತಿದ್ದೆವು.

ತಿಂಗಳು ಮುಗಿಯುವ ವಾರ ಮಿಸ್ ಸಾಠೆ ನನ್ನ ಪರೀಕ್ಷೆಯ ವಿಷಯ ಹೇಳಿದಳು. ಸಂಬಳದ ಲೆಕ್ಕ ಕಂಪ್ಯೂಟರಿಗೆ ಬರಲಿರುವುದರಿಂದ ಯಂತ್ರದಲ್ಲಿ ಒಂದು ಆಟಕ್ಕೆ ಮಾತ್ರ ಜಾಗ. ಮುಂದಿನ ತಂಡದವರ ಕಲಿಕೆಗೆ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಎರಡನ್ನೂ ಹೋಲಿಸಿ ಒಂದು ಪುಟದಲ್ಲಿ ಬರೆಯಬೇಕು. ನೀವು ಹೇಳಿದ್ದನ್ನೇ ಸಾಹೇಬರು ಒಪ್ಪುತ್ತಾರೆ, ನಾನು ಮಾತಾಡಿದ್ದೇನೆ ಎಂದಳು. ನಾನು ಎರಡು ದಿನ ಕೂತು, ಒಂದಕ್ಷರ ತಪ್ಪಿಲ್ಲದೆ ಬರೆದೆ. ಮೊದಲ ಪ್ಯಾರಾದಲ್ಲಿ ಅಕ್ಷರದ ಆಟವನ್ನು ಬಾಯ್ತುಂಬ ಹೊಗಳಿದೆ. ಎರಡನೆಯದರಲ್ಲಿ ಚಿತ್ರದ ಆಟವನ್ನು ಅಷ್ಟೇ ಹೊಗಳಿದೆ, ಸಾಲುಗಳ ಸಂಖ್ಯೆ ಕೂಡ ಸರಿಸಮ. ಮೂರನೆಯದರಲ್ಲಿ, ಎರಡಕ್ಕೂ ಅದರದರ ಗುಣಗಳಿರುವುದರಿಂದ ತಮ್ಮ ಆಜ್ಞೆಯಂತೆ ನಡೆಯಬಹುದು ಎಂದು ಮುಗಿಸಿದೆ. ಸದಾನಂದನಿಗೆ ಓದಿ ಹೇಳಿದಾಗ, ಇದನ್ನು ಕೇಳಿದರೆ ಎರಡು ಆಟಕ್ಕೂ ಮದುವೆ ಮಾಡಿಸಬೇಕು ಅಂತ ಕಾಣ್ತದೆ ಎಂದ. ಯಾವುದಾದರೂ ಒಂದು ಹೆಸರು ಹಾಕಿ, ನನಗೆ ಹಿಡಿಸಿದ್ದಲ್ಲದಿದ್ದರೂ ಅಡ್ಡಿಯಿಲ್ಲ ಎಂದ. ನನಗೂ ಹಾಗೇ ಅನ್ನಿಸಿತು. ಆದರೆ ಉಳಿಸಿದ ಆಟ ನಾಳೆ ಕೆಟ್ಟರೆ? ಕುರ್ಚಿಯ ವಿಷಯ. ಹಾಗೆಯೇ ಕಳಿಸಿದೆ.

ಸಾಹೇಬರ ಉತ್ತರ ಮರುದಿನವೇ ಬಂತು. ಟಿಪ್ಪಣಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಟೈಪಿಂಗ್ ಉತ್ತಮ, ಮೂರ್ತಿ ಪಾಸು, ಪರೇಲಿನಲ್ಲೇ ಮುಂದುವರಿಯಲಿ ಎಂದಿತ್ತು. ಅದರ ಕೆಳಗೆ, ಒಂದಿಲ್ಲದಿದ್ದರೆ ಇನ್ನೊಂದು ಆದೀತೆಂದ ಮೇಲೆ ಯಾವುದೂ ಅಗತ್ಯವಿದ್ದಂತಿಲ್ಲ, ಎರಡನ್ನೂ ಅಳಿಸಿ ಎಂದಿತ್ತು. ಮತ್ತೆಂದಾದರೂ ಹಾಕಿಕೊಳ್ಳೋಣವೆಂದರೆ ಮಿಸ್ ಸಾಠೆಯ ಅಣ್ಣನ ಫ್ಲಾಪಿಗಳು ಯಾವಾಗಲೋ ಬೇರೆ ಯಾರದೋ ಕೈಸೇರಿದ್ದವು. ಅಳಿಸುವ ಕೆಲಸವನ್ನು ನೀವೇ ಮಾಡಿ, ಕಲಿತದ್ದಕ್ಕೆ ಅದೂ ಒಂದು ಅಭ್ಯಾಸ ಎಂದು ಅವಳು ನನ್ನ ಮುಂದೆ ಕೀಲಿಮಣೆ ಸರಿಸಿದಳು. ಹನ್ನೆರಡೂವರೆಯಾಗಿತ್ತು. ಸದಾನಂದ ಹಿಂದೆ ಬಂದು ನಿಂತಿದ್ದ.

ಮೊದಲು ಚಿತ್ರದ ಆಟ. ಆಜ್ಞೆ ಕೊಟ್ಟೆ. ಖಂಡಿತವೇ, ಹೌದೋ ಅಲ್ಲವೋ ಎಂದು ಯಂತ್ರ ಕೇಳಿತು. ಹೌದೆಂದು ಒತ್ತಿದೆ. ನಾನೂ, ಸದಾನಂದನೂ, ಲಲಿತಳೂ, ಪಾಪದ ಟೆಂಪರರಿಯೂ, ನಮ್ಮ ಅಷ್ಟೂ ಪ್ರಮೋಷನ್ನುಗಳೂ ಹೋದವು. ಅಂಥ ಸಂಕಟವೇನೂ ಆಗಲಿಲ್ಲ. ಆಮೇಲೆ ಕೋಟೆಯ ಆಟ. ಯಂತ್ರ ಅದೇ ಪ್ರಶ್ನೆ ಕೇಳಿತು. ಬೆರಳು ಕೀಲಿಯ ಮೇಲೆ ಹೋಯಿತು, ಇಳಿಯಲಿಲ್ಲ. ಇನ್ನೂ ಏಳೆಂಟು ಕೋಣೆ ಬಾಕಿಯಿದ್ದವು, ಕಿರೀಟ ಸಿಕ್ಕಿರಲಿಲ್ಲ. ನನ್ನ ಕೈಂಡ್ಲಿಯನ್ನು ಮುಖಕ್ಕೆ ಎಸೆದ ಆ ಒರಟು ಆಟವೇ ನನಗೆ ಬೇಕಾಗಿದ್ದದ್ದು ಎಂಬುದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಹಿಂದಿನ ದಿನ ತಿಳಿದಿದ್ದರೆ ಒಂದು ಸಾಲು ಬರೆದು ಉಳಿಸಿಕೊಳ್ಳಬಹುದಿತ್ತು. ತಿಳಿದಿರಲಿಲ್ಲ ಎಂಬುದೂ ಸುಳ್ಳು, ತಿಳಿದಿತ್ತು, ಬರೆಯಲಿಲ್ಲ. ಯಂತ್ರ ಕಾಯುತ್ತಿತ್ತು. ಯಾರಾದರೂ ಬೇಡವೆನ್ನಲಿ ಎಂದು ಹಿಂದಕ್ಕೆ ತಿರುಗಿ ನೋಡಿದೆ. ಸದಾನಂದ, "ಮೂರ್ತಿಗಳೇ, ಅದು ಕೇಳ್ತಾ ಇರುವುದು ನಿಮ್ಮನ್ನು" ಎಂದ. ಹೌದೆಂದು ಒತ್ತಿದೆ.

ಅವನು ತನ್ನ ಪುಟ್ಟ ಪುಸ್ತಕ ತೆಗೆದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಹಿಡಿದು, ಇವತ್ತು ನನಗೆ ಅನ್ನವೋ ಚಪಾತಿಯೋ ಎಂದು ಕೇಳಿದ. ಯಾವುದಾದರೂ ಆದೀತಪ್ಪ ಎಂದೆ. ಅವನು ಏನನ್ನೂ ಬರೆದುಕೊಳ್ಳದೆ ಪುಸ್ತಕ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದ. ನಾನು ಹೋಗಿ ಎರಡು ಕೈಗಳ ನನ್ನ ಕುರ್ಚಿಯಲ್ಲಿ ಕೂತೆ. ಎರಡೂವರೆಯವರೆಗೆ ಕಾದೆ. ಊಟ ಬರಲಿಲ್ಲ.