ಮುಕರ್ರರ್ ಎನ್ನಬಾರದು

ನನಗೆ ಹಗಲುಗನಸಿನ ಚಟವಿದೆ. ಚಹಾ ಕುಡಿಯುವಷ್ಟರಲ್ಲಿ ಎರಡು ಪುಸ್ತಕ ಬರೆದು ಮುಗಿಸುತ್ತೇನೆ. ಕಪ್ಪು ಕೆಳಗಿಡುವ ಹೊತ್ತಿಗೆ ಎರಡೂ ಮರೆತುಹೋಗಿರುತ್ತವೆ. ಇಂಥವನು ಮಸ್ಕಿಯಲ್ಲಿ ಬರಹಗಾರರ ಸಂಘ ಕಟ್ಟಿದ್ದೂ ಒಂದು ಕನಸಿಗಾಗಿಯೇ: ನನ್ನದೊಂದು ಪ್ರಬಂಧವನ್ನು ಹತ್ತು ಜನ ಕೂತು ಕೊನೆಯವರೆಗೆ ಕೇಳಬೇಕು.

ನಿಜಾಮರ ಆಡಳಿತ ಮುಗಿದು ಒಂದೆರಡು ವರ್ಷವಾಗಿತ್ತು. ಉರ್ದುವಿನಲ್ಲಿ ಓದಿದ್ದ ನಮಗೆಲ್ಲ ಕನ್ನಡದಲ್ಲಿ ಬರೆಯುವ ಹುಮ್ಮಸ್ಸು. ಭಾನುವಾರ ಊಟವಾದ ಮೇಲೆ ಗುಡ್ಡದ ಬುಡದಲ್ಲಿ, ಬೇವಿನ ನೆರಳಿಗೆ ಸೇರುತ್ತಿದ್ದೆವು. ಸಿಂಧನೂರು, ಲಿಂಗಸುಗೂರಿನಿಂದಲೂ ಬಸ್ಸು ಹಿಡಿದು ಬರತೊಡಗಿದರು. ಆರು ಜನ ಇದ್ದದ್ದು ಮೂವತ್ತಾಯಿತು. ಇದಕ್ಕೆಲ್ಲ ನಾನೇ ಕಾರಣ ಎಂದು ಬಹಳ ದಿನ ನಂಬಿದ್ದೆ.

ನಿಜವಾದ ಕಾರಣ ಕಂದಾಯ ಇಲಾಖೆಯಲ್ಲಿ ಗಿರ್ದಾವರರಾಗಿ ನಿವೃತ್ತರಾದ ಗುರುಬಸಪ್ಪನವರು. ಹಳೆಯ ಮುಶಾಯಿರಾಗಳಲ್ಲಿ, ಅಂದರೆ ಉರ್ದು ಕವಿಗೋಷ್ಠಿಗಳಲ್ಲಿ, ಪಳಗಿದ ಕಿವಿ ಅವರದು. ಯಾರು ಏನು ಓದಿದರೂ ಕಣ್ಣು ಮುಚ್ಚಿ, ಕೈ ಎತ್ತಿ, "ವಾಹ್! ಮುಕರ್ರರ್!" ಎನ್ನುತ್ತಿದ್ದರು. ಇನ್ನೊಮ್ಮೆ ಓದು ಎಂದರ್ಥ. ಗಜಲಿಗೆ ಅದು ಸರಿ. ಬಟ್ಟೆ ಅಂಗಡಿಯ ಶರಣಪ್ಪ ಎಮ್ಮೆ ಕಳೆದುಹೋದ ಕಥೆ ಓದುತ್ತಿದ್ದ. "ಎಮ್ಮೆ ಎದ್ದು ನಿಂತಿತು" ಎಂದ. ಮುಕರ್ರರ್! ಮತ್ತೆ ನಿಂತಿತು. ಉಳಿದವರೂ ದನಿಗೂಡಿಸಿದರು. ನಾಲ್ಕು ಸಲ ಎದ್ದು ನಿಂತರೂ ಎಮ್ಮೆ ಗೋದಲಿ ಬಿಟ್ಟು ಕದಲಲಿಲ್ಲ, ಅಷ್ಟರಲ್ಲಿ ಬಸ್ಸು ಬಂತು. ಶರಣಪ್ಪನಿಗೆ ಬೇಸರವೇನಿಲ್ಲ, ಮುಂದಿನ ವಾರ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ.

ಸಂಚಾಲಕನಾದ ನನ್ನ ಸರದಿ ಕೊನೆಗೆ. ಹೀಗಾಗಿ ಅದು ಬರಲೇ ಇಲ್ಲ. ಹಳ್ಳದ ಮರಳಿನ ಮೇಲೆ ಮಲಗಿ ಮೋಡ ನೋಡಿದ್ದರ ಬಗ್ಗೆ ಬರೆದ ಪ್ರಬಂಧ ಜೇಬಿನಲ್ಲೇ ಮಡಿಕೆ ಮಡಿಕೆಗೆ ಹರಿಯತೊಡಗಿತು. ಕೊನೆಗೊಂದು ದಿನ ಧೈರ್ಯ ಮಾಡಿ, "ಇನ್ನ ಮ್ಯಾಲೆ ಯಾರೂ ಮುಕರ್ರರ್ ಅನ್ನಂಗಿಲ್ರಿ. ಕಥಿ ಮುಂದ ಹೋಗಬೇಕು" ಎಂದೆ.

ಗುರುಬಸಪ್ಪನವರು ಕಣ್ಣು ತೆರೆದರು. "ಮಾಸ್ತರ, ಇವರ ಮಾತು ಮನ್ಯಾಗ ಒಂದ್ಸಲಾನೂ ಯಾರೂ ಕೇಳಂಗಿಲ್ಲ. ಇಲ್ಲಿ ಎರಡೆರಡು ಸಲ ಕೇಳಾಕತ್ತೀವಿ. ಅದಕ್ಕ ಬರಾಕತ್ತಾರ. ಇರ್ಲಿ, ನಿಮ್ಮ ಹುಕುಂ."

ಅಂದು ಎಲ್ಲರ ಓದೂ ಬೇಗ ಮುಗಿಯಿತು. ಎಮ್ಮೆಯೂ ಸಿಕ್ಕಿತು, ಯಾರೂ ಸಂತೋಷಪಡಲಿಲ್ಲ. ಬಿಸಿಲಿರುವಾಗಲೇ ನನ್ನ ಸರದಿ ಬಂತು. ಓದಿದೆ. ಒಳ್ಳೆಯ ಸಾಲು ಬಂದಾಗಲೆಲ್ಲ ಸ್ವಲ್ಪ ನಿಂತು ಗಿರ್ದಾವರರ ಕಡೆ ನೋಡಿದೆ. ಅವರು ಹುಕುಂ ಪಾಲಿಸುತ್ತ ತುಟಿ ಬಿಗಿಹಿಡಿದು ಕೂತಿದ್ದರು. ಮೋಡಗಳೆಲ್ಲ ತಡೆಯಿಲ್ಲದೆ ಹೊರಟುಹೋದವು. "ಮುಗೀತೇನ್ರಿ ಮಾಸ್ತರ?" ಎಂದ ಶರಣಪ್ಪ.

ಹತ್ತಲ್ಲ, ಮೂವತ್ತು ಜನ ಕೊನೆಯವರೆಗೆ ಕೇಳಿದ್ದರು. ಆದರೂ ಅಳು ಬಂದಂತಾಯಿತು. ಮನೆಗೆ ಹೋಗುತ್ತ ಹಳ್ಳಕ್ಕಿಳಿದು, ಮರಳಿನಲ್ಲಿ ಕೂತು ಮೊದಲ ಸಾಲು ಗಟ್ಟಿಯಾಗಿ ಓದಿದೆ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ, ಕೈ ಎತ್ತಿ, ನಾನೇ ಮೆಲ್ಲಗೆ ಮುಕರ್ರರ್ ಎಂದೆ. ಮತ್ತೆ ಓದಿದೆ. ಎಷ್ಟು ಹಿತವಾಗಿತ್ತು!

ಮುಂದಿನ ಭಾನುವಾರ ನಿಯಮ ರದ್ದು ಮಾಡಿ, ಎಮ್ಮೆಯ ಕಥೆಯನ್ನು ಮೊದಲಿನಿಂದ ಓದಲು ಶರಣಪ್ಪನಿಗೆ ಹೇಳಿದೆ. ಎಮ್ಮೆ ಎದ್ದು ನಿಂತಿತು. ಗಿರ್ದಾವರರು ಬಾಯಿ ತೆರೆಯುವ ಮೊದಲೇ ಮುಕರ್ರರ್ ಎಂದು ಕೂಗಿದವನು ನಾನು. ನನ್ನ ಸರದಿ ಆಮೇಲೆ ಎಂದೂ ಬರಲಿಲ್ಲ. ಬಾರದಂತೆ ನಾನೇ ನೋಡಿಕೊಂಡೆ.